ದನದ ಡಾಕ್ಟ್ರ ಹೆಲಿಕಾಪ್ಟರ್

ಹೋದ ವಾರ ನನ್ನ ಹೆಂಡತಿ ಒಲೆಯ ಮೇಲೆ ಹರಳೆಣ್ಣೆ ಬಿಸಿಗಿಟ್ಟು ಫೋನಿನಲ್ಲಿ ಮಾತಿಗೆ ನಿಂತುಬಿಟ್ಟಳು. ಎಣ್ಣೆ ಹೊತ್ತಿ ಹೊಗೆಯಾಯಿತು. ಅವಳು ಕಿಟಕಿ ತೆರೆಯಲು ಓಡಿದಳು. ನಾನು ಮಾತ್ರ ಪೇಪರು ಹಿಡಿದವನು ಹಾಗೇ ಕುಳಿತಿದ್ದೆ. ಸುಟ್ಟ ಹರಳೆಣ್ಣೆಯ ಆ ವಾಸನೆಗೆ ಇಪ್ಪತ್ತು ವರ್ಷ ಹಿಂದಿನ ಒಂದು ಬೀಳು ಜಮೀನು, ಅದರ ನಡುವೆ ರಿಮೋಟ್ ಹಿಡಿದು ನಿಂತ ಒಬ್ಬ ಮನುಷ್ಯ ಎದುರಿಗೆ ಬಂದರು...

ಆಗ ನನಗೆ ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಇನ್ನೂ ಮದುವೆಯಾಗಿರಲಿಲ್ಲ. ಬಾಡಿಗೆ ಮನೆಯ ಪಕ್ಕದಲ್ಲಿದ್ದವರು ದನದ ಡಾಕ್ಟ್ರು. ಬಿಳಿಗೆರೆ ಕಡೆಯ ಹಳ್ಳಿಗಳೆಲ್ಲ ಅವರ ಪಾಲಿಗೆ ಬಂದಿದ್ದವು. ದಿನವಿಡೀ ಜೀಪಿನಲ್ಲಿ ಸುತ್ತಿ, ಕರು ಎಳೆದು, ಎತ್ತಿನ ಒದೆ ತಿಂದು ಬಂದವರು ಸಂಜೆ ಜಗಲಿಯ ಮೇಲೆ ಹಗುರವಾದ ಮರದ ಹಾಳೆಗಳನ್ನು ಬ್ಲೇಡಿನಿಂದ ಕೊಯ್ದು ವಿಮಾನ ಕಟ್ಟುತ್ತಿದ್ದರು. ಆಟದ ಸಾಮಾನಲ್ಲ. ನನ್ನ ತೋಳಿನುದ್ದದ ರೆಕ್ಕೆಗಳು, ನಿಜವಾದ ಇಂಜಿನ್ನು. ಆ ಇಂಜಿನ್ನಿಗೆ ಹಾಕುವ ಸ್ಪಿರಿಟ್ಟಿಗೆ ಹರಳೆಣ್ಣೆ ಬೆರೆಸಬೇಕಿತ್ತು. ಅವರ ಅಂಗಿ, ಜೀಪು, ಕೊನೆಗೆ ಅವರ ಮನೆಯ ಕಾಫಿಗೂ ಆ ವಾಸನೆಯೇ.

ಒಂದು ಭಾನುವಾರ ಸುಮ್ಮನೆ ನೋಡಲು ಹೋದವನು ಆಮೇಲೆ ಯಾವ ಭಾನುವಾರವನ್ನೂ ಬಿಡಲಿಲ್ಲ. ಹೆಡತಲೆ ದಾಟಿದರೆ ಅವರ ಊರು. ಅಲ್ಲಿ ನಾಲೆಯ ಪಕ್ಕ ಅಣ್ಣತಮ್ಮಂದಿರಿಗೆ ಸೇರಿದ, ಇನ್ನೂ ಪಾಲಾಗದ ಬೀಳು ಜಮೀನಿತ್ತು. ಅದರಲ್ಲೊಂದು ಪಟ್ಟಿಯನ್ನು ವಿಮಾನ ಹಾರಿಸಲೆಂದು ಡಾಕ್ಟ್ರು ತಾವೇ ಸಮ ಮಾಡಿಕೊಂಡಿದ್ದರು.

ಕಲಿಸುವಾಗ ಅವರು ಮೃದುವಾದ ಮನುಷ್ಯರಲ್ಲ. ನನ್ನ ಹಿಂದೆ ನಿಂತು, ನಾನು ರಿಮೋಟಿನ ಕಡ್ಡಿಯನ್ನು ಜಾಸ್ತಿ ಎಳೆದರೆ ಕತ್ತಿನ ಮೇಲೆ ಪಟ್ಟನೆ ಹೊಡೆಯುತ್ತಿದ್ದರು. "ಕೆಚ್ಚಲು ಹಿಡಿದ ಹಾಗೆ ಹಿಡಿಯಯ್ಯ, ಹಿಂಡಬೇಡ" ಅನ್ನುತ್ತಿದ್ದರು. ನಾನು ಮೊದಲ ವಿಮಾನವನ್ನು ಮೂತಿ ಕೆಳಗಾಗಿ ನೆಲಕ್ಕೆ ನೆಟ್ಟ ದಿನ ಆ ಚೂರುಗಳನ್ನು ಕಾಲಿನಿಂದ ಒದ್ದು ಚೆಲ್ಲಾಡಿದರು. ಸಂಜೆ ಅವನ್ನೇ ಆರಿಸಿ ತಂದು ಅಂಟು ಹಾಕುತ್ತ ಕುಳಿತರು.

ಇನ್ನೊಂದು ದಿನ ಇಂಜಿನ್ ಚಾಲೂ ಮಾಡುವಾಗ ಮುಂದಿನ ಫ್ಯಾನು ಅವರ ತೋರುಬೆರಳನ್ನು ಎಲುಬು ಕಾಣುವಷ್ಟು ಸೀಳಿತು. ಆಸ್ಪತ್ರೆಗೆ ಹೋಗೋಣವೆಂದೆ. ಅವರು ಜೀಪಿನಿಂದ ದನಗಳಿಗೆ ಹೊಲಿಗೆ ಹಾಕುವ ಪೆಟ್ಟಿಗೆ ತರಿಸಿ, ನನ್ನ ಕೈಯಲ್ಲಿ ಬೆರಳು ಹಿಡಿಸಿ, ತಾವೇ ಹೊಲಿದುಕೊಂಡರು. ಹೊಲಿಗೆ ಮುಗಿಸಿ ಅವರು ಅದೇ ಇಂಜಿನ್ನನ್ನು ಮತ್ತೆ ತಿರುಗಿಸಿದರು.

ಹೆಲಿಕಾಪ್ಟರ್ ಬಂದದ್ದು ಆಮೇಲೆ. ಬಿಡಿಭಾಗಗಳನ್ನು ಬೊಂಬಾಯಿಯಿಂದ ತರಿಸಿ ತಿಂಗಳುಗಟ್ಟಲೆ ಜೋಡಿಸಿದ್ದರು. ವಿಮಾನ ಕೈಬಿಟ್ಟರೂ ಕ್ಷಣ ಹೊತ್ತು ತೇಲುತ್ತದೆ; ಇದು ಹಾಗಲ್ಲ. ಒಂದೇ ಕಡೆ ನಿಲ್ಲಿಸಬೇಕೆಂದರೂ ಎರಡೂ ಕೈ ಪ್ರತಿ ಗಳಿಗೆ ದುಡಿಯಬೇಕು. ಅದರ ಮೂತಿ ನಮ್ಮ ಕಡೆ ತಿರುಗಿದರೆ ನಮ್ಮ ಎಡ ಅದಕ್ಕೆ ಬಲವಾಗುತ್ತದೆ, ತಲೆ ಕೆಡುತ್ತದೆ. ಮೇಲಿನ ಬ್ಲೇಡುಗಳು ತಿರುಗುವ ರಭಸಕ್ಕೆ ಕಣ್ಣಿಗೇ ಕಾಣುತ್ತಿರಲಿಲ್ಲ. ಒಮ್ಮೆ ಅದು ಪಕ್ಕಕ್ಕೆ ವಾಲಿ ಎಕ್ಕದ ಗಿಡಗಳನ್ನು ಮಚ್ಚು ಬೀಸಿದಂತೆ ಸವರಿಹಾಕಿತು. ಡಾಕ್ಟ್ರು ನನ್ನನ್ನು ಅಲ್ಲಿಗೆ ಕರೆದೊಯ್ದು ಆ ಕೊಯ್ದ ದಂಟುಗಳನ್ನು ಮುಟ್ಟಿಸಿದರು. ಜನದ ಮೇಲೆ, ದನದ ಮೇಲೆ ಯಾವತ್ತೂ ತರಬಾರದೆಂದು ನನ್ನಿಂದ ಮಾತು ತೆಗೆದುಕೊಂಡರು.

ಅವರ ಅಣ್ಣನಿಗೆ ಇದೆಲ್ಲ ಕಂಡರಾಗುತ್ತಿರಲಿಲ್ಲ. ಊರಿನವರು ಯಜಮಾನ್ರು ಎಂದು ಕರೆಯುತ್ತಿದ್ದ ಅವರು ದೊಡ್ಡ ಆಳು, ಹಣೆ ತುಂಬ ವಿಭೂತಿ. ತಮ್ಮನನ್ನು ಓದಿಸಿದ್ದು ಅವರೇ. ಓದಿದ ತಮ್ಮ ಹೊಲದಲ್ಲಿ ಹುಡುಗಾಟ ಆಡುತ್ತಾನೆಂಬ ಸಿಟ್ಟು ಅವರಿಗೆ. ನಾವು ಬಂದಾಗಲೆಲ್ಲ ಬದುವಿನ ಆಚೆ ಮುಖ ತಿರುಗಿಸಿ ಉಳುತ್ತಿದ್ದರು.

ಆ ದಿನವೂ ಉಳುತ್ತಿದ್ದರು. ಡಾಕ್ಟ್ರು ಹೆಲಿಕಾಪ್ಟರನ್ನು ಎತ್ತಿದ್ದು ದೂರದಲ್ಲೇ. ಆದರೆ ಗಾಳಿ ಆ ಕಡೆಗಿತ್ತು, ಸದ್ದು ಪೂರಾ ಎತ್ತುಗಳ ಮೇಲೆ ಹೋಯಿತು. ಜೋಡಿ ಬೆದರಿ ನೇಗಿಲ ಸಮೇತ ನಾಲೆಯತ್ತ ಓಡಿತು. ಏರಿಯಿಂದ ಒಂದೆತ್ತು ಉರುಳಿ ಕಲ್ಲುಗಳ ನಡುವೆ ಬಿತ್ತು. ನಾವು ಹೋಗುವಷ್ಟರಲ್ಲಿ ಅದರ ಮುಂಗಾಲಿನ ಎಲುಬು ಚರ್ಮ ಹರಿದು ಹೊರಗೆ ಬಂದಿತ್ತು. ಎತ್ತು ಕೂಗುತ್ತಿತ್ತು. ಯಜಮಾನ್ರು ನೀರಿನಲ್ಲೇ ಕುಳಿತು ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು.

ಡಾಕ್ಟ್ರು ಮುಟ್ಟಿ ನೋಡಿ ತಲೆಯಾಡಿಸಿದರು. ಇನ್ನು ಸೂಜಿಯೊಂದೇ ದಾರಿ, ಬೇರೆ ಡಾಕ್ಟರನ್ನು ಕರೆಸುತ್ತೇನೆ ಎಂದರು. ಅಣ್ಣ ತಲೆ ಎತ್ತಲಿಲ್ಲ.

"ನೀನೇ ಕೊಡು. ನೀನೇ ಮಾಡಿದ್ದು."

ಡಾಕ್ಟ್ರೇ ಕೊಟ್ಟರು. ಎತ್ತಿನ ಉಸಿರು ನಿಂತ ಮೇಲೂ ಯಜಮಾನ್ರು ಬಹಳ ಹೊತ್ತು ಅದರ ಕತ್ತಿನಡಿಯ ಗಂಗೆದೊಗಲು ಸವರುತ್ತಿದ್ದರು. ಆಮೇಲೆ ಎದ್ದು, ಮೈಯೆಲ್ಲ ಕೆಸರಾಗಿ ನಿಂತು, "ಆ ಮಿಷಿನ್ನು ಇನ್ನೊಂದ್ ಕಿತ ಈ ಜಮೀನ್ ಮ್ಯಾಲೆ ಕಾಣ್ಬಾರ್ದು. ಕಂಡ್ರೆ ಅದ್ನೂ ಉಳ್ಸಾಕಿಲ್ಲ, ನಿನ್ನೂ ಉಳ್ಸಾಕಿಲ್ಲ" ಎಂದರು.

ಕೆಲವು ವಾರ ಡಾಕ್ಟ್ರು ಹೊರಗೇ ಬರಲಿಲ್ಲ. ಆಮೇಲೊಂದು ಭಾನುವಾರ ಬೆಳಿಗ್ಗೆ ಜೀಪಿಗೆ ಸಾಮಾನು ತುಂಬಿಸಿ ನನ್ನ ಬಾಗಿಲು ತಟ್ಟಿದರು. ಬೇರೆಲ್ಲಾದರೂ ಹಾರಿಸೋಣ, ತಾಂಡವಪುರದ ಕಡೆ ಬಯಲಿದೆ ಎಂದೆ. ಆ ಭೂಮಿ ತನ್ನದೂ ಹೌದು, ಕದ್ದು ಬಾಳುವವನ ಹಾಗೆ ಬೇರೆಯವರ ಬಯಲಿಗೆ ಹೋಗುವುದಿಲ್ಲ ಎಂದರು. ಇಬ್ಬರದೂ ಒಂದೇ ರಕ್ತ, ಒಂದೇ ಹಟ...

ಅದೇ ಜಮೀನಿನಲ್ಲಿ ಹೆಲಿಕಾಪ್ಟರ್ ಆಳೆತ್ತರಕ್ಕೇರಿ ನಿಂತಿತ್ತು. ಯಜಮಾನ್ರು ನಾಲೆ ಏರಿಯಿಂದ ಇಳಿದು ಬಂದರು, ಜೊತೆಗೆ ಇಬ್ಬರು ಆಳುಗಳು, ಎಲ್ಲರ ಕೈಯಲ್ಲೂ ದೊಣ್ಣೆ. ನೆಟ್ಟಗೆ ಜೀಪಿನ ಹತ್ತಿರ ಹೋಗಿ, ಬಾನೆಟ್ಟಿನ ಮೇಲಿದ್ದ ವಿಮಾನವನ್ನು ಒಂದೇಟಿಗೆ ಎರಡು ತುಂಡು ಮಾಡಿದರು. ಆಳುಗಳು ಜೀಪಿನ ಗಾಜಿಗೆ ಶುರುಮಾಡಿದರು. ಡಾಕ್ಟ್ರು ಕಡ್ಡಿ ಬಿಡುವಂತಿರಲಿಲ್ಲ. ನಾನು ಓಡಿಹೋಗಿ ಯಜಮಾನ್ರ ಕೈ ಹಿಡಿದೆ. ಅವರು ಕೊಡವಿಕೊಂಡು ಬೀಸಿದ ಏಟು ನನ್ನ ಬಲಭುಜದ ಮೇಲೆ ಬಿತ್ತು. ಒಳಗೆ ಎಲುಬು ಲಟಕ್ಕೆಂದದ್ದು ಕಿವಿಗೆ ಕೇಳಿಸಿತು. ನೆಲಕ್ಕೆ ಬಿದ್ದೆ. ಬೆನ್ನಿಗೊಂದು ಏಟು ಬಿತ್ತು. ಹೊರಳಿ ನೋಡಿದರೆ ಅವರು ನನ್ನ ತಲೆಗೆ ಗುರಿಯಿಟ್ಟು ದೊಣ್ಣೆ ಎತ್ತಿದ್ದರು. ಅವರ ಕಣ್ಣಲ್ಲಿ ನಾನಿರಲಿಲ್ಲ; ಯಾರಿದ್ದರೋ ಗೊತ್ತಿಲ್ಲ.

ಆಗ ಹೆಲಿಕಾಪ್ಟರಿನ ಸದ್ದು ಬದಲಾಯಿತು. ಅದು ಮೂತಿ ತಗ್ಗಿಸಿ, ಆಳೆತ್ತರದಲ್ಲೇ ನುಗ್ಗಿ ಬಂತು. ಎತ್ತಿದ ಕೈಗೆ ಬಡಿಯಿತು. ಬ್ಲೇಡು ಚೂರಾಗಿ ಹಾರಿತು, ದೊಣ್ಣೆ ಹಾರಿತು, ನನ್ನ ಮುಖದ ಮೇಲೆ ಬಿಸಿ ರಕ್ತ ಎರಚಿತು. ಯಜಮಾನ್ರು ಮೊಣಕಾಲೂರಿ ಕುಸಿದರು. ಮುಂಗೈಯಿಂದ ಮೊಣಕೈವರೆಗೆ ಸೀಳಿ ತೆರೆದುಕೊಂಡಿತ್ತು. ಆಳುಗಳು ದೊಣ್ಣೆ ಬಿಸಾಡಿ ಓಡಿದರು.

ಡಾಕ್ಟ್ರು ರಿಮೋಟನ್ನು ಎಸೆದು ಓಡಿ ಬಂದು ಅಣ್ಣನ ತೋಳಿಗೆ ತಮ್ಮ ಬೆಲ್ಟು ಬಿಗಿದರು. ದನದ ಪೆಟ್ಟಿಗೆಯ ಇಕ್ಕಳದಿಂದ, ರಕ್ತ ಚಿಮ್ಮುತ್ತಿದ್ದ ನರವನ್ನು ಹಿಡಿದರು. ನನ್ನ ಎಡಗೈಯನ್ನು ಗಾಯದ ಮೇಲಿಟ್ಟು, "ಒತ್ತಿ ಹಿಡಿ, ಬಿಡಬೇಡ" ಎಂದರು. ಅಣ್ಣ ಮಾತ್ರ "ಮುಟ್ಬ್ಯಾಡ ನನ್ನ" ಎನ್ನುತ್ತ, ಉಳಿದ ಕೈಯಿಂದ ತಮ್ಮನ ಮುಖಕ್ಕೆ ಗುದ್ದುತ್ತಲೇ ಇದ್ದರು. ಡಾಕ್ಟ್ರು ಗುದ್ದು ತಿನ್ನುತ್ತಲೇ ಕಟ್ಟಿದರು. ಗಾಜಿಲ್ಲದ ಜೀಪಿನಲ್ಲಿ ಮೈಸೂರು ಸೇರಿದಾಗ ಅವರ ಮೂಗಿನಿಂದಲೂ ರಕ್ತ ಇಳಿಯುತ್ತಿತ್ತು.

ಕೈ ಉಳಿಯಿತು. ಬೆರಳು ಮಡಿಸಲು ಬರಲಿಲ್ಲ. ಮರುದಿನ ಪೊಲೀಸಿನವರು ಬಂದರು. ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡು ನಾನೂ ಆ ವಾರ್ಡಿನಲ್ಲೇ ಇದ್ದೆ. ಯಜಮಾನ್ರು ಮೇವು ಕತ್ತರಿಸುವ ಮಿಷಿನ್ನಿಗೆ ಕೈ ಸಿಕ್ಕಿತೆಂದು ಹೇಳಿಕೆ ಕೊಟ್ಟರು. ಬಾಗಿಲಲ್ಲಿ ನಿಂತಿದ್ದ ಡಾಕ್ಟ್ರು ಒಳಗೆ ಬಂದು, "ಅದು ಸುಳ್ಳು. ನಾನು ಬೇಕಂತಲೇ ಹೊಡೆದದ್ದು. ಬರ್ಕೊಳ್ಳಿ" ಎಂದರು.

ಪೊಲೀಸಿನವರು ಹಾಸಿಗೆಯ ಕಡೆ ನೋಡಿದರು. ಯಜಮಾನ್ರು ಗೋಡೆಯ ಕಡೆ ತಿರುಗಿಕೊಂಡಿದ್ದರು.

"ಈ ಮನ್ಸ ಯಾರೂಂತ ನಂಗೊತ್ತಿಲ್ಲ ಸಾ."

ಡಾಕ್ಟ್ರು ಹೊರಗೆ ಹೋದರು. ಜೈಲು ಸಿಕ್ಕಿದ್ದರೆ ಅವರಿಗೆ ಅಷ್ಟು ನೋಯುತ್ತಿರಲಿಲ್ಲವೇನೋ...

ವರ್ಷ ತುಂಬುವುದರೊಳಗೆ ಅವರು ವರ್ಗ ಕೇಳಿ ಪಡೆದು ದೂರ ಹೋದರು. ಮತ್ತೆ ಏನನ್ನೂ ಹಾರಿಸಲಿಲ್ಲವೆಂದು ಕೇಳಿದೆ. ನಾನು ಮದುವೆಯಾಗಿ ನರಸೀಪುರಕ್ಕೆ ಬಂದೆ. ಬಹಳ ವರ್ಷಗಳ ಮೇಲೆ ಒಮ್ಮೆ ಇಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಕುಶಲ ಕೇಳುವ ಮೊದಲೇ ನನ್ನ ಅಂಗಿಯ ಗುಂಡಿ ಬಿಚ್ಚಿ, ಕರುವಿನ ಎಲುಬು ನೋಡುವಂತೆ ಭುಜ ಒತ್ತಿ, "ಸರಿಯಾಗಿ ಕೂಡಿದೆ" ಎಂದರು. ಅವರು ಅಣ್ಣನ ಕೈ ಕೊಯ್ದು ನನ್ನ ತಲೆ ಉಳಿಸಿದವರು. ನಾನು ಕಾಫಿ ಕುಡಿಯೋಣವೆಂದೆ. ಬಸ್ಸು ಬಂತು, ಹತ್ತಿಬಿಟ್ಟರು. ಆಮೇಲೆ ನೋಡಲಿಲ್ಲ.

ಈ ವರ್ಷದ ಮೊದಲಲ್ಲಿ ಅವರು ತೀರಿಕೊಂಡ ಸುದ್ದಿ ನನಗೆ ಬಹಳ ತಡವಾಗಿ ಮುಟ್ಟಿತು. ಹರಳೆಣ್ಣೆ ಹೊತ್ತಿದ ಮಾರನೆಯ ದಿನ ಮನಸ್ಸು ತಡೆಯದೆ ಅವರ ಊರಿಗೆ ಹೋದೆ. ನಾಲೆ ಪಕ್ಕದ ಜಮೀನಿನಲ್ಲೇ ಮಣ್ಣು ಮಾಡಿದ್ದರು. ಅಲ್ಲಿ ಬೇಡವೆಂದು ಯಾರೂ ಹೇಳಲಿಲ್ಲವಂತೆ. ಮಣ್ಣಿನ ದಿಬ್ಬದ ಪಕ್ಕ ಯಜಮಾನ್ರು ಕುಳಿತಿದ್ದರು. ತೀರಾ ಮುಪ್ಪಾಗಿತ್ತು, ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ನನ್ನ ಗುರುತು ಹಿಡಿಯಲು ಸ್ವಲ್ಪ ಹೊತ್ತಾಯಿತು. ಪಕ್ಕದಲ್ಲಿ ಜಾಗ ತೋರಿಸಿದರು.

ಆಮೇಲೆ ಅವರೇ ಕೇಳಿದರು. "ಅವ ಆ ಮಿಷಿನ್ನ ಆರ್ಸೋದ್ನ ನಾ ಒಂದಿನಾನೂ ನಿಂತು ನೋಡ್ನಿಲ್ಲ ಕಣಪ್ಪ. ಎಂಗಿರ್ತಿತ್ತು?"

ನಾನು ಹೇಳತೊಡಗಿದೆ. ಹುಲ್ಲು ಹೇಗೆ ಸುತ್ತಲೂ ಮಲಗಿಬಿಡುತ್ತಿತ್ತು, ಅದು ನೆಲ ಬಿಡುವ ಗಳಿಗೆಯಲ್ಲಿ ಡಾಕ್ಟ್ರು ಹೇಗೆ ಉಸಿರು ಬಿಗಿಹಿಡಿಯುತ್ತಿದ್ದರು, ಗಾಳಿಯಲ್ಲಿ ಅದನ್ನು ಹೇಗೆ ಅಲ್ಲಾಡದಂತೆ ನಿಲ್ಲಿಸುತ್ತಿದ್ದರು... ಮುದುಕರು ಆಕಾಶದ ಕಡೆ ನೋಡುತ್ತ ಕೇಳಿಸಿಕೊಂಡರು. ಕೈಯಾಡಿಸಿ ಹೇಳಿದೆ, ಮಣ್ಣಿನ ಮೇಲೆ ಗೆರೆ ಎಳೆದು ಹೇಳಿದೆ. ಎಷ್ಟು ಹೇಳಿದರೂ ಏನೋ ಉಳಿದುಹೋಗುತ್ತಿತ್ತು. ಅದನ್ನು ಹೇಳಬೇಕಾದವರು ನಮ್ಮ ಮುಂದೆ ಮಣ್ಣಿನಡಿಯಲ್ಲಿದ್ದರು.