ಅಂಟು ಬಿಡಿಸುವ ಮುನಾವರ್

ಬೆಳಗ್ಗೆ ಆರು ಗಂಟೆ. ಶಿವಾಜಿನಗರದ ಗಲ್ಲಿಯಲ್ಲಿ ಫ್ರೇಮ್ ಅಂಗಡಿಯ ಮುನಾವರ್ ಷಟರ್ ಅರ್ಧ ಎತ್ತಿ, ಸೀಮೆಎಣ್ಣೆ ಸ್ಟೌ ಮೇಲೆ ನೀರು ಕುದಿಸುತ್ತಿದ್ದಾರೆ. ಹಲಗೆಗೆ ಅಂಟಿದ ಒಂದು ಹಳೆಯ ಪೋಸ್ಟ್‌ಕಾರ್ಡನ್ನು ಹಬೆಗೆ ಹಿಡಿದು, ಮೂಲೆಯೊಳಗೆ ತೆಳು ಚಾಕು ತೂರಿಸುತ್ತಾರೆ. ಕಾರ್ಡಿನಲ್ಲಿ ಹುಲ್ಲು ಹೊದಿಸಿದ ಮನೆ, ಕತ್ತೆಗಾಡಿ, ಆಚೆ ಸಮುದ್ರ. ಐರ್ಲೆಂಡಿನ ಚಿತ್ರ. ಅವರಿಗೆ ಬೇಕಿರುವುದು ಅದರ ಹಿಂದಿನ ಬರಹ.

"ಅವಸರ ಮಾಡಿದ್ರೆ ಅಕ್ಷರ ಹಲಗೇಲೇ ಉಳ್ಕೊಳ್ಳುತ್ತೆ ಸಾರ್. ಮೊದಲನೇದು ಹಂಗೇ ಹಾಳ್ಮಾಡ್ದೆ."

ಐವತ್ತೆರಡರ ಮುನಾವರ್‌ಗೆ ಮೂವತ್ತು ವರ್ಷದಿಂದ ಇದೇ ಅಂಗಡಿ. ದೇವರ ಪಟ, ಮಕ್ಕಾ ಚಿತ್ರ, ಮದುವೆ ಫೋಟೊ ಎಂದು ದಿನಕ್ಕೆ ಹತ್ತು ಹನ್ನೆರಡು ಫ್ರೇಮು. ಗಾಜು ಕೊಯ್ದು ಕೊಯ್ದು ಬೆರಳ ತುದಿಯೆಲ್ಲ ಗೀರು. 1997ರಲ್ಲಿ ರದ್ದಿ ವ್ಯಾಪಾರಿ ರಹೀಂ ಒಂದು ಬಿಸ್ಕತ್ ಡಬ್ಬ ತಂದುಕೊಟ್ಟರು. ಒಳಗೆ ಮೂವತ್ತನಾಲ್ಕು ಕಾರ್ಡು. ಇಂದಿರಾನಗರದ ಅಲಂಕಾರ ಸಾಮಾನಿನ ಅಂಗಡಿಯೊಂದಕ್ಕೆಂದು ಮುನಾವರ್ ಎಲ್ಲವನ್ನೂ ಮೈದಾ ಅಂಟು ಹಚ್ಚಿ ಫ್ರೇಮಿಗೆ ಕೂರಿಸಿದರು. ಹಿಂದೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಅವರಿಗೆ ಓದಲು ಬರದು, ಯಾರನ್ನೂ ಕೇಳಲೂ ಇಲ್ಲ.

ಎರಡು ವಾರದ ಮೇಲೆ ರಹೀಂ ಜೊತೆ ಹಲಸೂರಿನ ಆಂಜನಮ್ಮ ಬಂದರು. ಎಪ್ಪತ್ತು ದಾಟಿದ್ದ ಅವರು ಹಿಂದೆ ಐರಿಷ್ ಕುಟುಂಬವೊಂದರಲ್ಲಿ ಆಯಾ. ಅವರು ಎತ್ತಿ ಆಡಿಸಿದ ನೋರಾ ಎಂಟನೇ ವಯಸ್ಸಿಗೆ ಐರ್ಲೆಂಡಿಗೆ ಹೋದವಳು, ಹೆಚ್ಚುಕಡಿಮೆ ವರ್ಷಕ್ಕೊಂದು ಕಾರ್ಡು ಬರೆಯುತ್ತಿದ್ದಳು. ಮನೆಗೆ ಸುಣ್ಣ ಹೊಡೆಸುವಾಗ ಸೊಸೆ ಭವ್ಯ ತಿಳಿಯದೆ ಡಬ್ಬವನ್ನು ರದ್ದಿಗೆ ಹಾಕಿದ್ದರು.

"ಕೂಗಾಡ್ತಾರೆ ಅಂದ್ಕೊಂಡೆ. 'ಅಂಟಿಸಿರೋದನ್ನ ಬಿಡಿಸೋಕಾಗುತ್ತೇನಪ್ಪ?' ಅಂದ್ರು, ಅಷ್ಟೆ."

ಅಷ್ಟರಲ್ಲಿ ಮುಕ್ಕಾಲು ಪಾಲು ಮಾರಾಟವಾಗಿತ್ತು. ನೋರಾ ಮನೆ ಬದಲಿಸಿದ್ದಳು. ಹೊಸ ವಿಳಾಸವಿದ್ದದ್ದು ಕೊನೆಯ ಕಾರ್ಡಿನಲ್ಲಿ ಮಾತ್ರ, ಸಮುದ್ರದಂಚಿನ ಬಂಡೆಯ ಚಿತ್ರದ್ದು. ಹಳೆಯ ವಿಳಾಸಕ್ಕೆ ಆಂಜನಮ್ಮ ಹಾಕಿಸಿದ ಕಾಗದ ವಾಪಸ್ ಬಂತು. ಉತ್ತರ ಕಾಣದೆ ಅವಳೂ ಬರೆಯುವುದು ನಿಲ್ಲಿಸಿದಳು.

ಇಂದಿರಾನಗರದ ಅಂಗಡಿಯವರು ನೆನಪಿನಿಂದ ಹೇಳಿದ ಗಿರಾಕಿಗಳ ಹೆಸರು ಹಿಡಿದು ಮುನಾವರ್ ಭಾನುವಾರ ಸೈಕಲ್ಲಿನಲ್ಲಿ ಇಂದಿರಾನಗರ, ವಿಮಾನಪುರ ಸುತ್ತುತ್ತಾರೆ. ಬೇರೆ ಫ್ರೇಮ್ ಕೊಟ್ಟು ಹಳೆಯದನ್ನು ಕೇಳುತ್ತಾರೆ. ಗೇಟಿನಿಂದಲೇ ಗದರಿ ಕಳಿಸಿದವರಿದ್ದಾರೆ. ಎಂಟು ವರ್ಷದಲ್ಲಿ, ಅಂಗಡಿಯಲ್ಲಿ ಮಾರದೆ ಉಳಿದಿದ್ದವೂ ಇವತ್ತಿನದೂ ಸೇರಿ, ಕೈಗೆ ಬಂದದ್ದು ಹತ್ತೊಂಬತ್ತು. ಬಿಡಿಸಿದ್ದನ್ನೆಲ್ಲ ಮಗಳು ಮೆಹರುನ್ನೀಸಾ ಹಲಸೂರಿಗೆ ಒಯ್ದು ಓದಿ ಹೇಳುತ್ತಿದ್ದಳು. "ನನಗೆ ಮಗಳು ಹುಟ್ಟಿದ್ದಾಳೆ. ನೀನು ಹಾಡುತ್ತಿದ್ದ ಜೋಗುಳ ಒಂದೇ ಸಾಲು ನೆನಪಿದೆ, ಮುಂದಿನದು ಬರೆಸಿ ಕಳಿಸು" ಎಂದಿತ್ತು ಒಂದರಲ್ಲಿ. ಆಗಲೇ ಬರೆಸಿ ಕಳಿಸಿದ್ದೆ ಎಂದು ಆಂಜನಮ್ಮ ನಕ್ಕಿದ್ದರಂತೆ.

ಬಂಡೆಯ ಕಾರ್ಡು ಕಳೆದ ವರ್ಷ ಗರುಡಾಚಾರ್‌ಪಾಳ್ಯದ ಮನೆಯೊಂದರಲ್ಲಿ ಸಿಕ್ಕಿತು. ಗೋಡೆಯ ತೇವಕ್ಕೆ ಬೂಷ್ಟು ಹಿಡಿದು, ವಿಳಾಸದ ಜಾಗವೆಲ್ಲ ನೀಲಿ ಕಲೆ. ಉಳಿದಿದ್ದು ಒಂದು ಸಾಲು: "ಈ ಸಲ ತಪ್ಪದೆ ಬರೆಸು, ಕಾಯುತ್ತಿರುತ್ತೇನೆ." ಆಂಜನಮ್ಮ ಕೇಳಿಸಿಕೊಂಡು ಗೋಡೆಯ ಕಡೆ ಹೊರಳಿ ಮಲಗಿದರು. ಡಿಸೆಂಬರಿನಲ್ಲಿ ತೀರಿಕೊಂಡರು.

ಮತ್ತೆ ಯಾರಿಗಾಗಿ ಈ ಹುಡುಕಾಟ ಎಂದು ಕೇಳುತ್ತೇನೆ. ಮುನಾವರ್ ಸ್ಟೌ ಆರಿಸುತ್ತಾರೆ.

"ಇನ್ನೂ ಹದಿನೈದು ಹೊರಗಿವೆ ಸಾರ್. ಯಾವುದ್ರಲ್ಲಾದ್ರೂ ನೋರಾಮ್ಮನ ನೆಂಟರದ್ದೋ, ಗಂಡನ ಊರಿಂದೋ ವಿಳಾಸ ಇರ್ಬೋದು. ಆಂಜನಮ್ಮ ಮರ್ತು ಸುಮ್ನಿರ್ಲಿಲ್ಲ ಅಂತ ಆವಮ್ಮಂಗೆ ಗೊತ್ತಾಗ್ಬೇಕು. ತಪ್ಪು ನಂದು ಅಂತ ಮಗಳ ಕೈಲಿ ಬರೆಸ್ತೀನಿ."