ಅಲಮೇಲು ಆಂಟಿಯ ತಗಡಿನ ಬಿಲ್ಲೆ

ಅಮೆರಿಕದ ಸೀಕಾಕಸ್‌ನಲ್ಲಿರುವ ನಮ್ಮ ಮಸಾಲೆ ಪ್ಯಾಕಿಂಗ್ ಫ್ಯಾಕ್ಟರಿಯಲ್ಲಿ ಕ್ಯಾಂಟೀನ್ ಅಂದರೆ ಅಲಮೇಲು ಆಂಟಿ. ಮೈಸೂರಿನವರು. ಪುಳಿಯೋಗರೆ, ಫಿಲ್ಟರ್ ಕಾಫಿ ಎರಡಕ್ಕೂ ಅವರ ಹೆಸರೇ ಹೇಳಬೇಕು. ಆದರೆ ಅವರಿಗೊಂದು ಹುಚ್ಚಿತ್ತು: ಇನ್ನೊಬ್ಬರ ಒಂದು ಕಾಸೂ ತಮ್ಮ ಹತ್ತಿರ ಉಳಿಯಬಾರದು.

ಕೋವಿಡ್ ಬೇಸಿಗೆಯಲ್ಲಿ ಚಿಲ್ಲರೆಗೆ ಬರ ಬಂತು. ಬ್ಯಾಂಕಿನವರೇ ನಾಣ್ಯವಿಲ್ಲ ಎಂದು ಕೈಚೆಲ್ಲಿದರು. ಆಂಟಿ ನಮ್ಮೂರ ಅಂಗಡಿಯವರ ಹಾಗೆ ಚಿಲ್ಲರೆಯ ಬದಲು ಪೆಪ್ಪರ್‌ಮಿಂಟ್ ಕೊಡತೊಡಗಿದರು. ಫೋರ್ಕ್‌ಲಿಫ್ಟ್ ಓಡಿಸುವ ಚೆಲುವರಾಜು ಕಿಲಾಡಿ. ಕೂಡಿಟ್ಟ ಪೆಪ್ಪರ್‌ಮಿಂಟನ್ನೆಲ್ಲ ಒಂದು ದಿನ ಕೌಂಟರ್ ಮೇಲೆ ಸುರಿದು, "ಇದಕ್ಕೆ ಒಂದು ಕಾಫಿ ಕೊಡಿ ಆಂಟಿ" ಅಂದ. ಕೊನೆಗೆ ಮ್ಯಾನೇಜರ್ ರಾಕೇಶ್ ಡಬ್ಬದ ತಗಡಿನಲ್ಲಿ ಬಿಲ್ಲೆ ಕತ್ತರಿಸಿ, ಫ್ಯಾಕ್ಟರಿಯ ಮುದ್ರೆ ಒತ್ತಿಸಿಕೊಟ್ಟರು. ಒಂದು ಬಿಲ್ಲೆಗೆ ಒಂದು ಕ್ವಾರ್ಟರ್, ಅಂದರೆ ಇಪ್ಪತ್ತೈದು ಸೆಂಟಿನ ನಾಣ್ಯದ ಬೆಲೆ. ನೋಡಲು ಸೋಡಾ ಬಾಟಲಿಯ ಮುಚ್ಚಳದಷ್ಟು ಕಳಪೆ, ಆದರೆ ನಡೆಯಿತು.

ಮುಂದೆ ನಾಣ್ಯ ಬಂತು. ಅದರ ಹಿಂದೆಯೇ ಮೇಲಿನವರ ಅಪ್ಪಣೆಯೂ ಬಂತು: ಕೌಂಟರ್ ಮುಚ್ಚಿ, ಕಾಫಿ ಮೆಷಿನ್ ಇಡಿ. ರಾಕೇಶ್ ನಮ್ಮೆಲ್ಲರ ಎದುರೇ ಮುಖ ಸಣ್ಣದು ಮಾಡಿಕೊಂಡು, "ಬಿಲ್ಲೆಗಳ ಲೆಕ್ಕ ಚುಕ್ತಾ ಆಗೋವರೆಗೂ ಕೌಂಟರ್ ಇರುತ್ತೆ ಆಂಟಿ. ಜನರ ದುಡ್ಡು ಮುಳುಗಿಸಿದ್ರು ಅನ್ನಿಸ್ಕೋಬಾರದಲ್ಲ" ಅಂದರು.

ಆಂಟಿಗೆ ಆ ಕೌಂಟರ್ ಬಿಟ್ಟರೆ ಬೇರೆ ಲೋಕವಿರಲಿಲ್ಲ. ಆದರೂ, ಪುಣ್ಯಾತ್ಗಿತ್ತಿ, ಮರುದಿನವೇ ಬ್ಯಾಂಕಿನಿಂದ ಕ್ವಾರ್ಟರ್ ತಂದಿಟ್ಟು, 'ಬಿಲ್ಲೆ ಕೊಟ್ಟು ನಾಣ್ಯ ಪಡೆಯಿರಿ' ಎಂದು ಬೋರ್ಡ್ ಹಾಕಿದರು! ನನಗೆ ಸಿಟ್ಟೇ ಬಂತು.

ಯಾರೂ ಬರಲಿಲ್ಲ. ಕಾಫಿಗೆ ಎಲ್ಲರೂ ನಾಣ್ಯವನ್ನೇ ಕೊಟ್ಟರು. ಕೇಳಿದರೆ, ಮನೆಯಲ್ಲೆಲ್ಲೋ ಇದೆ, ಹುಡುಕಬೇಕು ಎಂದರು. ತಿಂಗಳು ಕಳೆದರೂ ಅದೇ ಮಾತು. ಆಂಟಿ ರೇಗಿದರು. ತಾವು ಮಾಡಿದ ವ್ಯವಹಾರ ಇವರಿಗೆಲ್ಲ ಅಷ್ಟು ಸದರವಾಯಿತೇ ಎಂದು ನೊಂದುಕೊಂಡರು.

ಒಂದು ಮಧ್ಯಾಹ್ನ ಪ್ಯಾಕಿಂಗ್‌ನ ಆಯೇಷಾ ಹಣ ತೆಗೆಯುವಾಗ ಜೇಬಿನಿಂದ ಬಿಲ್ಲೆಯೊಂದು ಠಣ್ಣೆಂದು ಬಿತ್ತು. ಅವಳು ತಕ್ಷಣ ಅದರ ಮೇಲೆ ಕಾಲಿಟ್ಟಳು.

"ಜೇಬಲ್ಲೇ ಇಟ್ಕೊಂಡು ಸುಳ್ಳು ಹೇಳ್ತೀಯಾ? ಕೊಡೇ ಇಲ್ಲಿ!"

"ಕೊಡಲ್ಲ ಆಂಟಿ. ಯಾರೂ ಕೊಡಲ್ಲ. ಕೊಟ್ರೆ ನೀವು ಹೋಗ್ಬಿಡ್ತೀರ."

ಸಾಲಿನಲ್ಲಿ ನಿಂತ ನಾವೆಲ್ಲ ನೆಲ ನೋಡಿದೆವು.

ಸಂಜೆ ರಾಕೇಶ್ ಬಂದು, "ಎಷ್ಟು ವಾಪಸ್ ಬಂತು?" ಎಂದು ಕೇಳಿದರು.

"ಒಂದೂ ಬಂದಿಲ್ಲಪ್ಪ."

"ಹಾಗಾದ್ರೆ ಒಂದು ಕಾಫಿ ಕೊಡಿ."

ಆಂಟಿ ಕಣ್ಣೊರೆಸಿಕೊಳ್ಳುತ್ತಲೇ ಹಾಲು ಕಾಯಿಸಿದರು. ಸಾಲ ತೀರದೆ ಇರಲಪ್ಪಾ ಎಂದು ಅವರು ದೇವರನ್ನು ಬೇಡಿಕೊಂಡದ್ದು ಜನ್ಮದಲ್ಲಿ ಅದೇ ಮೊದಲು.