ಸಾಕ್ಷಿಯಲ್ಲಿ ನಾನು ಬಿಟ್ಟ ಮಾತು

ನಮ್ಮ ಕನ್ನಡ ಆರಾಧನೆ ಭಾನುವಾರ ಬೆಳಿಗ್ಗೆ ಏಳೂವರೆಗೆ ಶುರುವಾಗಿ ಒಂಬತ್ತೂವರೆಗೆ ಮುಗಿಯಲೇಬೇಕು. ಹತ್ತಕ್ಕೆ ಮರಾಠಿ ಸಭೆಯವರು ಬರುತ್ತಾರೆ. ಚರ್ಚು ಅವರದು, ನಾವು ಅದರಲ್ಲಿ ಎರಡು ತಾಸು ಜಾಗ ಕೇಳಿ ಪಡೆದವರು. ಪಾಸ್ಟರ ಪ್ರಸಂಗ ಸ್ವಲ್ಪ ಉದ್ದವಾದರೆ ಅವರ ಹಿರಿಯರೊಬ್ಬರು ಬಾಗಿಲ ಹತ್ತಿರ ಬಂದು ನಿಂತು ಕೈಗಡಿಯಾರ ನೋಡುತ್ತಾರೆ.

ನಮ್ಮ ಸಭೆಯ ಹೆಚ್ಚಿನವರು ಬೀದರದ ಕಡೆಯವರು. ಗೌಂಡಿಗಳು, ಸೆಂಟ್ರಿಂಗ್ ಕೆಲಸದವರು, ಪಿಂಪ್ರಿ-ಚಿಂಚವಾಡದ ಕಾರ್ಖಾನೆಗಳಲ್ಲಿ ಕಾಂಟ್ರ್ಯಾಕ್ಟಿನ ಮೇಲೆ ದುಡಿಯುವವರು. ಅವರ ನಡುವೆ ಡಿಗ್ರಿ ಮುಗಿಸಿದ ಮೊದಲನೆಯವನು ನಾನು. ಈಗ ನಾಲ್ಕಾರು ಮಕ್ಕಳು ಇಂಜಿನಿಯರಿಂಗ್ ಓದುತ್ತಿದ್ದಾರೆ, ಇರಲಿ, ಮೊದಲನೆಯವನು ನಾನೇ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಹಗಲು ಡ್ರಿಲ್ಲಿಂಗ್ ಮಷಿನ್ನಿನ ಮುಂದೆ ನಿಂತು, ಸಂಜೆ ಕಾಲೇಜಿಗೆ ಹೋಗಿ, ಸ್ಟ್ಯಾಟಿಸ್ಟಿಕ್ಸಿನಲ್ಲಿ ಎರಡು ಸಲ ನಪಾಸಾಗಿ ತೆಗೆದುಕೊಂಡ ಬಿ.ಕಾಂ. ಅದು. ಅದರ ಬಲದಿಂದಲೇ ಕಾರ್ಖಾನೆಯ ಸ್ಟೋರಿನಲ್ಲಿ ಕುರ್ಚಿಯ ಕೆಲಸ ಸಿಕ್ಕಿತು.

ಅಪ್ಪ ಗೌಂಡಿ. ಈ ಊರಿನ ಎಷ್ಟೋ ಗೋಡೆಗಳನ್ನು ಎಬ್ಬಿಸಿದವನು. ಅವನಿಗೆ ಓದು ಬರಹ ಬರುವುದಿಲ್ಲ. ಆದರೂ ಜಿಪ್ಪಿನ ಚೀಲದಲ್ಲಿ ವೇದಪುಸ್ತಕ ಇಟ್ಟುಕೊಂಡೇ ಚರ್ಚಿಗೆ ಬರುತ್ತಿದ್ದ. ಪಾಸ್ಟರು ಅಧ್ಯಾಯ ಹೇಳಿದಾಗ ಎಲ್ಲರಂತೆ ತೆರೆದು, ಪಕ್ಕದಲ್ಲಿ ಕೂತ ನಾನು ಬೆರಳಿಟ್ಟು ತೋರಿಸಿದ ಸಾಲನ್ನೇ ನೋಡುತ್ತಿದ್ದ. ನನ್ನದು ಬಿ.ಕಾಂ., ಆದರೆ ಅವನ ಲೆಕ್ಕದಲ್ಲಿ ಡಿಗ್ರಿ ಎಂದರೆ ಡಿಗ್ರಿ. ಸಭೆಯವರೂ ಹಾಗೆಯೇ. ಶಾಲೆಯ ಫಾರಮ್ಮು, ಕೋರ್ಟಿನ ನೋಟೀಸು, ಡಾಕ್ಟರ ಚೀಟಿ, ಎಲ್ಲ ನನ್ನ ಕೈಗೇ ಬರುತ್ತಿದ್ದವು. ನಾನೂ ತಿಳಿಯದ್ದನ್ನು ತಿಳಿಯದು ಎಂದು ಹೇಳಿದವನಲ್ಲ.

ನಲವತ್ತಾದ ವರ್ಷ ನನಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತು. ಶುರುವಿನ ಹಂತ ಎಂದು ಡಾಕ್ಟರು ಹೇಳಿದರು. ಒಂದು ಗುಳಿಗೆ ಬರೆದುಕೊಟ್ಟು, ನಡೆಯಿರಿ, ಸಾಧ್ಯವಾದರೆ ಓಡಿರಿ ಎಂದರು. ನಮ್ಮ ಕಾಲೊನಿಯ ಹಿಂದೆ ಒಂದು ಮೈದಾನ ಇದೆ. ಮೊದಲ ವಾರ ಒಂದು ಸುತ್ತಿಗೇ ಬಗ್ಗಿ ನಿಲ್ಲುತ್ತಿದ್ದೆ. ವರ್ಷ ತುಂಬುವುದರೊಳಗೆ ಹತ್ತು ಕಿಲೋಮೀಟರ್ ಓಡತೊಡಗಿದೆ. ಓಡುವಾಗಲೇ ಪ್ರಾರ್ಥನೆಯೂ ಆಗುತ್ತಿತ್ತು. ಒಂದು ಸುತ್ತು ಹೆಂಡತಿಗೆ, ಒಂದು ಸುತ್ತು ಮಗಳಿಗೆ, ಒಂದು ಅಪ್ಪನಿಗೆ, ಆಮೇಲಿನವು ಸಭೆಯ ಒಂದೊಂದು ಮನೆಗೆ. ಅಲ್ಲಿ ಓಡಲು ಬರುವ ಮರಾಠಿ ಗೆಳೆಯರ ಗುಂಪೊಂದಿತ್ತು. ಓಟದ ಸ್ಪರ್ಧೆಗಳೆಲ್ಲ ಭಾನುವಾರ ಬೆಳಿಗ್ಗೆಯೇ ಇರುವುದರಿಂದ ನಾನು ಯಾವುದಕ್ಕೂ ಹೋಗುತ್ತಿರಲಿಲ್ಲ. ಶನಿವಾರ ಬಂತೆಂದರೆ ಅವರು, "ಕಾಯ್ ಫಾದರ್, ಉದ್ಯಾ ಸುಟ್ಟಿ?" ಎಂದು ಕಾಡಿಸುತ್ತಿದ್ದರು. ನಾಳೆ ನಿಮಗೆ ರಜೆ ತಾನೇ ಎಂದು.

ಎರಡು ರಿಪೋರ್ಟು ಚೆನ್ನಾಗಿ ಬಂದ ಮೇಲೆ ಡಾಕ್ಟರು ಗುಳಿಗೆಯನ್ನು ಅರ್ಧಕ್ಕೆ ಇಳಿಸಿದರು. ಮೂರನೆಯದನ್ನು ನೋಡಿ ನಿಲ್ಲಿಸಿದರು. ಮೂರು ತಿಂಗಳಿಗೊಮ್ಮೆ ರಕ್ತ ತೋರಿಸಲೇಬೇಕು, ಇದು ವಾಸಿಯಾದದ್ದಲ್ಲ, ಸುಮ್ಮನಿದೆ ಅಷ್ಟೇ ಎಂದೂ ಹೇಳಿದರು.

ನಮ್ಮಲ್ಲಿ ತಿಂಗಳ ಮೊದಲ ಭಾನುವಾರ ಸಾಕ್ಷಿ ಹೇಳುವ ಪದ್ಧತಿ. ಕೂತಲ್ಲೇ ಎದ್ದು ನಿಂತು, ಕಷ್ಟ ಏನಿತ್ತು, ದೇವರು ಹೇಗೆ ಬಿಡಿಸಿದ ಎಂದು ನಾಲ್ಕು ಮಾತು ಹೇಳಿ ಕೂರಬೇಕು. ಸಾಕ್ಷಿಯಲ್ಲಿ ಡಾಕ್ಟರ ಮಾತು ಬರುವುದಿಲ್ಲ. ಬರಬಾರದೆಂಬ ಕಟ್ಟಳೆಯೇನೂ ಇಲ್ಲ. ಆದರೆ ಯಾರಾದರೂ ಡಾಕ್ಟರ ಹೆಸರೆತ್ತಿದರೆ ದೇವರ ಪಾಲಿನದನ್ನು ಬೇರೆಯವರಿಗೆ ಬಡಿಸಿದಂತೆ ಜನ ಮುಖ ನೋಡುತ್ತಾರೆ. ಆ ಭಾನುವಾರ ನಾನು ಎದ್ದು ನಿಂತೆ. "ಸಕ್ಕರಿ ಬ್ಯಾನಿ ನನ್ನ ಬಿಟ್ಟು ಹೋಗ್ಯದ. ಗುಳಿಗಿ ಡಬ್ಬಿ ಒಗದೀನಿ. ದಿನಾ ಪ್ರಾರ್ಥನಿ ಮಾಡ್ದೆ, ದಿನಾ ಓಡ್ದೆ, ಇಷ್ಟೇ," ಎಂದೆ. ಸುಳ್ಳು ಹೇಳಲಿಲ್ಲ. ಹೇಳಬೇಕಾದದ್ದರಲ್ಲಿ ಅರ್ಧ ಬಿಟ್ಟೆ. ಜನ ಚಪ್ಪಾಳೆ ತಟ್ಟಿದರು. ಅಪ್ಪ ಕರವಸ್ತ್ರದಿಂದ ಕಣ್ಣು ಒರೆಸಿಕೊಂಡ.

ಅಪ್ಪನಿಗೂ ಸಕ್ಕರೆ ಕಾಯಿಲೆ. ನನ್ನದರಂತೆ ಹೊಸದಲ್ಲ, ಹನ್ನೆರಡು ವರ್ಷದ್ದು. ಬೆಳಿಗ್ಗೆ ಎರಡು ಗುಳಿಗೆ, ರಾತ್ರಿ ಒಂದು. ನನ್ನ ಹೆಂಡತಿಯೇ ನೀರಿನ ಜೊತೆ ಕೈಗೆ ಕೊಡುತ್ತಿದ್ದಳು.

ಮರುದಿನ ಬೆಳಿಗ್ಗೆ ನಾನು ಮೈದಾನಕ್ಕೆ ಹೊರಟಾಗ ಅವನು ಸ್ವೆಟರ್ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ನೀ ಓಡು, ನಾ ನಡೀತೀನಿ," ಎಂದ. ನನಗೆ ಖುಷಿಯಾಯಿತು. ನನ್ನ ಹಳೆಯ ಓಟದ ಬೂಟು ಕೊಟ್ಟೆ. ಅವನಿಗೆ ಒಂದು ನಂಬರು ದೊಡ್ಡದು. ತುದಿಗೆ ಪೇಪರ್ ತುರುಕಿ ಹಾಕಿಕೊಂಡ. ಹೊಸದು ಕೊಡಿಸುತ್ತೇನೆಂದರೆ ಬೇಡ ಎಂದ. ಮಗನ ಬೂಟು ಎಂದು ಮೈದಾನದಲ್ಲಿ ಎಲ್ಲರಿಗೂ ತೋರಿಸಿದ. ನನ್ನ ಗೆಳೆಯರು ಅವನಿಗೂ ಹೆಸರಿಟ್ಟರು, ದೊಡ್ಡ ಫಾದರ್ ಎಂದು. ಹೀಗೆ ಸುಮಾರು ಮೂರು ತಿಂಗಳು ನಡೆಯಿತು. ನನ್ನ ಜೀವನದ ಒಳ್ಳೆಯ ಬೆಳಗುಗಳು ಅವು ಎಂದು ಆಗ ಅಂದುಕೊಂಡಿದ್ದೆ.

ಚಳಿ ಶುರುವಾದಾಗ ಗೆಳೆಯರು ಇಪ್ಪತ್ತೊಂದು ಕಿಲೋಮೀಟರಿನ ಓಟಕ್ಕೆ ನನ್ನ ಹೆಸರನ್ನೂ ಕೊಟ್ಟುಬಿಟ್ಟರು. ಅದೂ ಭಾನುವಾರವೇ. ಒಂದು ಸಲಕ್ಕೆ ಏನಾಗುತ್ತದೆ ಎಂದು ಪಾಸ್ಟರನ್ನು ಕೇಳಿದೆ. ಹೋಗಿ ಬನ್ನಿ, ಸಂಜೆ ಮನೆಯಲ್ಲಿ ಪ್ರಾರ್ಥನೆ ಇಟ್ಟುಕೊಳ್ಳಿ ಎಂದರು.

ಅದಕ್ಕೆ ಮೂರು ದಿನ ಮೊದಲು, ಗುರುವಾರ, ಹೆಂಡತಿ ಅಡುಗೆಮನೆಗೆ ಕರೆದು ಮೆಲ್ಲಗೆ ಹೇಳಿದಳು: "ರೀ, ಮಾವನ ಕಾಲು ವಾಸನಿ ಬರಾಕತ್ತದ. ಸಾಕ್ಸ್ ತಗೀ ಅಂದ್ರ ತಗ್ಯಾಕ ತಯಾರಿಲ್ಲ."

ಹೋಗಿ ಕೇಳಿದೆ. ಬೊಕ್ಕೆ ಎದ್ದಿತ್ತು, ಒಡೆದಿದೆ, ಅರಿಶಿನ ಹಚ್ಚಿದ್ದೇನೆ, ನೋವೇನೂ ಇಲ್ಲ ಎಂದ. ಸಕ್ಕರೆ ಕಾಯಿಲೆಯವರಿಗೆ ನೋವಿಲ್ಲ ಎಂಬುದೇ ಕೆಟ್ಟ ಸುದ್ದಿ ಎಂದು ನನಗೆ ಗೊತ್ತಿರಲಿಲ್ಲ. ವಾಸನೆ ನನಗೂ ಬಂತು. ಕೂತು, ಅವನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸಾಕ್ಸ್ ತೆಗೆಯಲು ಎಷ್ಟು ಹೊತ್ತು ಬೇಕಿತ್ತು? ಭಾನುವಾರದ್ದು ಮುಗಿಯಲಿ, ಸೋಮವಾರ ರಜೆ ಹಾಕುತ್ತೇನೆ, ಡಾಕ್ಟರ ಹತ್ತಿರ ಹೋಗೋಣ ಎಂದೆ. ಅವನಿಗೂ ಅದೇ ಬೇಕಿತ್ತು.

ಭಾನುವಾರ ಓಡಿದೆ. ಪೂರ್ತಿ ಓಡಿದೆ. ಪದಕ ಕೊರಳಲ್ಲಿ ಹಾಕಿಕೊಂಡೇ ಮನೆಗೆ ಬಂದೆ. ಅಪ್ಪ ಚರ್ಚಿಗೆ ಹೋಗಿರಲಿಲ್ಲ. ಹಾಗಾದದ್ದು ನನಗೆ ತಿಳಿದಂತೆ ಅದೇ ಮೊದಲು. ಜ್ವರ ಬಂದು ಮಲಗಿದ್ದ. ಕಾಲೇಜಿನಲ್ಲಿ ಓದುವ ನನ್ನ ಮಗಳು ಅವನ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. "ಮುತ್ಯಾ ನನ್ನ ಗುರುತು ಹಿಡೀಲಿಲ್ಲ ಪಪ್ಪಾ," ಎಂದಳು. ನಾನು ಕೂತು ಸಾಕ್ಸ್ ಎಳೆದೆ. ಸಾಕ್ಸ್ ಚರ್ಮಕ್ಕೆ ಅಂಟಿತ್ತು. ಹೆಬ್ಬೆರಳು ಮತ್ತು ಅದರ ಪಕ್ಕದ ಬೆರಳು ಕಪ್ಪಾಗಿದ್ದವು. ಪಾದದ ಅರ್ಧದವರೆಗೂ ಕಪ್ಪು ಹತ್ತಿತ್ತು. ಪದಕ ಇನ್ನೂ ಕೊರಳಲ್ಲೇ ಇತ್ತು. ಬಗ್ಗಿದಾಗ ಅದು ಅವನ ಮೊಳಕಾಲಿಗೆ ತಾಗಿತು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಕೇಳಿದ್ದು, "ಗೋಳ್ಯಾ ಚಾಲೂ ಆಹೇತ್ ನಾ?" ಗುಳಿಗೆ ನಡೆದಿದೆ ತಾನೇ ಎಂದು. ನನ್ನ ಹೆಂಡತಿ ಹೌದು, ದಿನಾ ನಾನೇ ಕೊಡುತ್ತೇನೆ ಎಂದಳು. ಡಾಕ್ಟರು ರಕ್ತದ ಕಾಗದ ನೋಡಿ ಅವಳ ಮುಖ ನೋಡಿದರು, ಸುಳ್ಳು ಹೇಳುವವರನ್ನು ನೋಡುವಂತೆ. ಅವಳು ಅಳತೊಡಗಿದಳು. ಅಪ್ಪ ಕಣ್ಣು ಮುಚ್ಚಿಕೊಂಡಿದ್ದ.

ಭರ್ತಿ ಮಾಡಿಕೊಳ್ಳಲು ಅವನ ಆಧಾರ್ ಕಾರ್ಡು ಬೇಕಾಯಿತು. ಅದು ಅವನ ಜಿಪ್ಪಿನ ಚೀಲದಲ್ಲಿ ಇರುತ್ತದೆಂದು ಮಗಳು ಮನೆಗೆ ಹೋಗಿ ಚೀಲವನ್ನೇ ತಂದಳು. ಜಿಪ್ಪು ಎಳೆದಾಗ ಕಾರ್ಡಿನ ಜೊತೆಗೆ ಒಂದು ಕಾಣಿಕೆ ಕವರೂ ಹೊರಗೆ ಬಂತು. ಸುಗ್ಗಿ ಹಬ್ಬಕ್ಕೆಂದು ಚರ್ಚಿನಲ್ಲಿ ಹಂಚುವ ಕವರು. ಉಬ್ಬಿಕೊಂಡಿತ್ತು. ಬಾಯಿಯನ್ನು ಅನ್ನದ ಅಗುಳಿನಿಂದ ಅಂಟಿಸಿದ್ದ. ಬಿಡಿಸಿದರೆ ಒಳಗೆಲ್ಲ ಗುಳಿಗೆಗಳು, ಬಿಳಿಯವು, ಗುಲಾಬಿ ಬಣ್ಣದವು. ಕೆಲವು ತೇವಕ್ಕೆ ಕರಗಿ ಒಂದಕ್ಕೊಂದು ಹತ್ತಿಕೊಂಡಿದ್ದವು. ನಾನು ಸಾಕ್ಷಿ ಹೇಳಿದ ದಿನದಿಂದ ಅವನು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ನನ್ನ ಹೆಂಡತಿ ಅತ್ತ ತಿರುಗಿದ ಮೇಲೆ ಕೈಗೆ ಉಗುಳಿಕೊಳ್ಳುತ್ತಿದ್ದ.

ಎರಡು ದಿನದ ನಂತರ, ಜ್ವರ ಇಳಿದು ಮಾತು ಬಂದಾಗ ಹೇಳಿದ: "ಸುಗ್ಗಿ ಹಬ್ಬದಾಗ ನಾನೂ ಎದ್ದು ನಿಲ್ಲಾಂವ ಇದ್ದೆ. ಕವರ್ ಎಲ್ಲಾರಿಗಿ ತೋರಸಾಂವ ಇದ್ದೆ. ಇಷ್ಟು ವರ್ಷಾತು, ಒಮ್ಮಿನೂ ಸಾಕ್ಷಿ ಹೇಳಿಲ್ಲ ನಾ."

ಅಷ್ಟು ಹೊತ್ತಿಗೆ ಮೊಳಕಾಲಿನ ಕೆಳಗೆ ಕತ್ತರಿಸಿ ಆಗಿತ್ತು. ಗುರುವಾರವೇ ಕರೆತಂದಿದ್ದರೆ ಏನಾಗುತ್ತಿತ್ತು ಎಂದು ಡಾಕ್ಟರನ್ನು ಕೇಳಿದೆ. ಖಚಿತವಾಗಿ ಹೇಳಲಾರೆ, ಬಹುಶಃ ಬೆರಳುಗಳಷ್ಟೇ ಹೋಗುತ್ತಿದ್ದವು ಎಂದರು. ಆ ಬಹುಶಃ ಎಂಬ ಮಾತು ನನ್ನ ಜೊತೆ ಇಂದಿಗೂ ಇದೆ.

ನೋಡಲು ಬಂದ ಸಭೆಯವರಲ್ಲಿ ಒಬ್ಬರು, ಕರ್ತನ ದಿನ ಓಟಕ್ಕೆ ಹೋದರೆ ಹೀಗೇ ಎಂದು ನನಗೆ ಕೇಳುವಂತೆಯೇ ಹೇಳಿದರು. ಭಾನುವಾರ ಓಡಿದ್ದಕ್ಕೆ ದೇವರು ಒಬ್ಬ ಮುದುಕನ ಕಾಲು ತೆಗೆಯುತ್ತಾನೆಂದು ನಾನು ನಂಬುವುದಿಲ್ಲ. ತಪ್ಪು ನಡೆದದ್ದು ಅದಕ್ಕೆ ಮೂರು ತಿಂಗಳ ಹಿಂದೆ, ಚರ್ಚಿನೊಳಗೆ, ನನ್ನ ಬಾಯಿಂದ. ಗುರುವಾರ ಅದರ ಮೇಲೆ ಇನ್ನೊಂದು.

ಮನೆಗೆ ಬಂದ ಮೇಲೆ ಅಪ್ಪ ಪ್ರಾರ್ಥನೆ ಮಾಡುವುದನ್ನು ಬಿಟ್ಟ. ಊಟದ ಮುಂದೆ ನಾವು ತಲೆ ಬಗ್ಗಿಸಿದಾಗ ಅವನು ಗೋಡೆ ನೋಡುತ್ತಾ ಕೂರುತ್ತಿದ್ದ. ಕೋಪ ಇರಬಹುದು ಎಂದುಕೊಂಡೆ. ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಒಂದು ಮಧ್ಯಾಹ್ನ ಕಾಲಿನ ಪಟ್ಟಿ ಬದಲಿಸುತ್ತಿದ್ದಾಗ ತಾನಾಗಿಯೇ ಹೇಳಿದ: "ನಿನ್ ಸಾಕ್ಷಿ ಖರೇ ಅದ. ನಂದೇ ವಿಶ್ವಾಸ ಕಮ್ಮಿ ಬಿತ್ತು. ದೇವ್ರು ನನ್ನ ತೂಗಿ ನೋಡಿ ಕೈ ಬಿಟ್ಟಾನ."

ನಾನು ಎಲ್ಲ ಹೇಳಿದೆ. ನನ್ನ ಗುಳಿಗೆ ನಿಲ್ಲಿಸಿದ್ದು ಡಾಕ್ಟರು, ಮೊದಲು ಅರ್ಧ, ಆಮೇಲೆ ಪೂರ್ತಿ ಎಂದೆ. ಕಪಾಟಿನಿಂದ ರಿಪೋರ್ಟು ತಂದು ತೋರಿಸಿದೆ. ಅವನು ಆ ಕಾಗದದ ಮೇಲೆ ಕೈಯಾಡಿಸಿ ತಿರುಗಿ ಕೊಟ್ಟ. "ನನ್ನ ಸಮಾಧಾನಕ್ಕ ಹೇಳ್ತಿ ನೀ. ಚರ್ಚಿನಾಗ ನಿಂತು ಸುಳ್ಳು ಹೇಳ್ತಾನೇನ್ ನನ್ನ ಮಗ?"

ಹಾಗಾದರೆ ಹೇಳಿದ ಜಾಗದಲ್ಲೇ ಹೇಳಬೇಕು, ಬೇರೆ ದಾರಿಯಿಲ್ಲ ಎಂದು ತಿಳಿಯಿತು. ಇಲ್ಲದಿದ್ದರೆ ದೇವರು ತನ್ನನ್ನು ಬೇಡವೆಂದ ಎಂದುಕೊಂಡೇ ಅವನು ಸಾಯುತ್ತಾನೆ. ಪಾಸ್ಟರ ಮನೆಗೆ ಹೋಗಿ ಹೇಳಿದೆ. ಅವರು ಒಳ್ಳೆಯ ಮನುಷ್ಯ, ಆದರೂ ಹಿಂಜರಿದರು. ಜನರ ವಿಶ್ವಾಸ ಕದಲುತ್ತದೆ, ಮನೆಯಲ್ಲೇ ತಂದೆಗೆ ತಿಳಿಸಿ ಹೇಳಿ ಎಂದರು. ಹೇಳಿ ನೋಡಿದ್ದೇನೆ ಎಂದೆ. ಕೊನೆಗೆ, ಚಿಕ್ಕದಾಗಿ ಹೇಳಿ ಎಂದರು.

ಮೊದಲ ಭಾನುವಾರ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕರೆದೊಯ್ದೆವು. ಬರುವುದಿಲ್ಲ ಎಂದ. ಮೊಮ್ಮಗಳು ಹಟ ಮಾಡಿದ್ದಕ್ಕೆ ಬಂದ. ಸಾಕ್ಷಿಯ ಹೊತ್ತಿಗೆ ನಾನು ಎದ್ದು ನಿಂತೆ. ನನಗೆ ಆದದ್ದನ್ನು ಹೇಳಿದೆ. "ಗುಳಿಗಿ ನಾ ಬಿಟ್ಟಿಲ್ಲ, ಡಾಕ್ಟರ್ ಬಿಡ್ಸ್ಯಾರ. ಆ ಮಾತು ನಾ ನುಂಗಿದೆ. ನಾ ನುಂಗಿದ್ದಕ್ಕ ನಮ್ಮಪ್ಪ ಗುಳಿಗಿ ನುಂಗಲಿಲ್ಲ. ಅಂವನ ವಿಶ್ವಾಸ ಕಮ್ಮಿ ಇರಲಿಲ್ಲ. ನನ್ನ ಮಾತು ಕಮ್ಮಿ ಇತ್ತು." ಕೂತೆ. ಯಾರೂ ಆಮೆನ್ ಅನ್ನಲಿಲ್ಲ. ಪಾಸ್ಟರು ಕೀರ್ತನೆಯ ನಂಬರು ಹೇಳಿದರು. ಹಾಡು ಎರಡನೆಯ ಸಾಲಿನವರೆಗೂ ಏಳಲೇ ಇಲ್ಲ. ಅಪ್ಪನ ಕಡೆ ನೋಡುವ ಧೈರ್ಯ ನನಗೆ ಬರಲಿಲ್ಲ.

ಆರಾಧನೆ ಮುಗಿದ ಮೇಲೆ ಹಲವರು ನನ್ನನ್ನು ಮಾತನಾಡಿಸದೆ ಹೊರಗೆ ಹೋದರು. ಹೆಂಗಸರ ಸಾಲಿನಿಂದ ಒಬ್ಬಾಕೆ ಬಂದಳು. ಕಟ್ಟಡದ ಕೆಲಸಕ್ಕೆ ಹೋಗುವವಳು. ಆಕೆಯ ಡಾಕ್ಟರ ಚೀಟಿಗಳನ್ನು ಓದಿ ಹೇಳುತ್ತಿದ್ದವನು ನಾನೇ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, "ಅಣ್ಣಾ, ಹಂಗಾದ್ರ ನನ್ನ ಗುಳಿಗಿ ಮತ್ತ ಚಾಲೂ ಮಾಡ್ಲ್ಯಾ?" ಎಂದು ಕೇಳಿದಳು.

ಯಾವಾಗಿನಿಂದ ಬಿಟ್ಟಿದ್ದಾಳೆಂದು ಕೇಳುವ ಅಗತ್ಯವಿರಲಿಲ್ಲ. ನಾನು ಏನಾದರೂ ಹೇಳುವ ಮೊದಲೇ ಅಪ್ಪ ಕುರ್ಚಿಯಿಂದ ಮಾತಾಡಿದ. ಕಾಲಿಲ್ಲದ ಕಡೆಯ ಲುಂಗಿಯನ್ನು ಪಕ್ಕಕ್ಕೆ ಸರಿಸಿ ಆಕೆಗೆ ತೋರಿಸಿದ.

"ಇಲ್ಲಿ ನೋಡ ತಂಗಿ. ನನ್ನ ಮಗನ ಮಾತು ಕೇಳಬ್ಯಾಡ, ನನ್ನ ಮಾತೂ ಕೇಳಬ್ಯಾಡ. ನಾಳಿ ಡಾಕ್ಟರ್ ಕಡೆ ಹೋಗು. ಅವ್ರು ಕೊಟ್ಟದ್ದು ನುಂಗು. ನುಂಗಿ ಪ್ರಾರ್ಥನಿ ಮಾಡು."

ಆಕೆ ತಲೆಯಾಡಿಸಿದಳು. ಅಪ್ಪ ಲುಂಗಿಯನ್ನು ಮತ್ತೆ ಸರಿಮಾಡಿಕೊಂಡು ಜಿಪ್ಪಿನ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡ.

ಬಾಗಿಲಲ್ಲಿ ಮರಾಠಿ ಸಭೆಯ ಹಿರಿಯರು ಕಾಯುತ್ತಿದ್ದರು. ಚರ್ಚಿನ ಮುಂದೆ ಮೂರು ಮೆಟ್ಟಿಲಿವೆ. ಕುರ್ಚಿಯನ್ನು ನಾನೊಬ್ಬನೇ ಇಳಿಸಲು ಆಗುವುದಿಲ್ಲ. ಅವರು ಕೈಗಡಿಯಾರ ನೋಡದೆ ಮುಂದೆ ಬಂದು ಒಂದು ಕಡೆ ಹಿಡಿದರು.